ಸೆವೆರೊನ ಹೊಗೆ

ಎಲ್ ಆಲ್ತೊ ಊರಿಗೆ ಬರುವ ದಾರಿಗಳನ್ನೆಲ್ಲ ಮುಷ್ಕರದವರು ಕಲ್ಲು ಹಾಕಿ ಮುಚ್ಚಿ ಹತ್ತೊಂಬತ್ತು ದಿನವಾಗಿತ್ತು. ಹಿಟ್ಟಿಲ್ಲ, ಗ್ಯಾಸಿಲ್ಲ. ಆದರೂ ಸೆವೆರೊನ ಬೇಕರಿಯ ಚಿಮಣಿಯಲ್ಲಿ ಬೆಳಗಾದರೆ ಹೊಗೆ. ಒಳಗೆ ಬ್ರೆಡ್ಡಿನ ಚೂರೂ ಇರಲಿಲ್ಲ. ಖಾಲಿ ಒಲೆಗೆ ಸೌದೆ ತುರುಕಿ, ಬಿಳಿ ಏಪ್ರನ್ ಕಟ್ಟಿಕೊಂಡು ಮಹಾರಾಯ ಬಾಗಿಲಲ್ಲಿ ನಿಲ್ಲುತ್ತಿದ್ದ. ಕೇಳಿದವರಿಗೆ ಈಗಷ್ಟೇ ಎಲ್ಲ ಖರ್ಚಾಯಿತು ಅನ್ನುತ್ತಿದ್ದ. ಅಂಗಡಿ ಮುಳುಗಿತು ಅಂತ ಯಾರೂ ಆಡಿಕೊಳ್ಳಬಾರದು, ಅಷ್ಟೇ.

ಹೆಂಡತಿ ಪ್ಲಾಸಿದಾಳಿಗೆ ಈ ನಾಟಕಕ್ಕೆಲ್ಲ ಪುರುಸೊತ್ತಿರಲಿಲ್ಲ. ಅವಳದು ಅವ್ವ ಬಿಟ್ಟುಹೋದ ನೀಲಿ ಬಣ್ಣದ ಮರದ ತಳ್ಳುಗಾಡಿ, ಅದರ ಮೇಲೆ ಸಂತೆಯಲ್ಲಿ ಮಾರುವ ಸೂಪಿನ ಹಂಡೆ. ಸಂತೆ ನಿಂತ ದಿನವೇ ಗಾಡಿಯನ್ನು ಆ ಕಲ್ಲುಗಳ ಹತ್ತಿರಕ್ಕೇ ತಳ್ಳಿದಳು. ದಾರಿ ಕಟ್ಟಿದವರಿಗೂ ಬಡಿಸಿದಳು, ಸಿಕ್ಕಿಬಿದ್ದ ಲಾರಿಯವರಿಗೂ ಬಡಿಸಿದಳು. ಇಬ್ಬರೂ ಬೈದರು, ಇಬ್ಬರೂ ತಿಂದರು. ಒಲೆ ಹೇಗೂ ಉರಿಯುತ್ತಿದೆ, ಹಂಡೆ ಇಡುತ್ತೇನೆ ಅಂತ ಅವಳು ಅಂದದ್ದಕ್ಕೆ, ಬೇಕರಿಯಲ್ಲಿ ಸೂಪಿನ ವಾಸನೆ ಬಂದರೆ ನನ್ನ ಮರ್ಯಾದೆ ಏನಾಗಬೇಕು ಅಂತ ಸೆವೆರೊ ಹಾರಾಡಿದ್ದ. ಅವಳು ಹಿತ್ತಲಲ್ಲಿ ಒಣ ಸಗಣಿಯ ಬೆಂಕಿಯಲ್ಲೇ ಕುದಿಸಿದಳು. ಅದೇ ಸೂಪನ್ನು ಅವನೂ ಉಪ್ಪು ಕಡಿಮೆ ಅಂತ ಮೂತಿ ತಿರುಗಿಸುತ್ತ ಕುಡಿದ. ಆ ಗಾಡಿ ಇಲ್ಲದಿದ್ದರೆ ಎರಡು ಹೊಟ್ಟೆಗೂ ಮಣ್ಣೇ ಗತಿ.

ಇಪ್ಪತ್ತನೇ ದಿನ ಆಲೂಗಡ್ಡೆ ಮುಗಿಯಿತು. ಗಾಡಿಯನ್ನು ಹಿತ್ತಲಲ್ಲಿ ಬಿಟ್ಟು ಗುಡ್ಡದಾಚೆಯ ತಂಗಿಯ ಮನೆಗೆ ನಡೆದಳು. ಮಧ್ಯಾಹ್ನ ಮೂಟೆ ಹೊತ್ತು ಗುಡ್ಡ ಇಳಿಯುವಾಗ ಚಿಮಣಿ ಕಂಡಿತು. ಕಪ್ಪು ಹೊಗೆ. ಸೌದೆ ನಿನ್ನೆಯೇ ಖಾಲಿಯಾಗಿತ್ತಲ್ಲ, ಎಲ್ಲಿಂದ ತಂದನಪ್ಪ ಅಂದುಕೊಂಡಳು. ಬಣ್ಣ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮೂಟೆಯ ಸಮೇತ ಓಡಿದಳು.

ಹಿತ್ತಲ ಗೋಡೆಗೆ ಎರಡು ಚಕ್ರಗಳು ಮಾತ್ರ ಒರಗಿದ್ದವು.

"ನೋಡೇ, ಇಪ್ಪತ್ತು ದಿನ! ಒಂದಿನಾನೂ ನನ್ನ ಒಲೆ ಆರಿಲ್ಲ" ಅಂದ ಸೆವೆರೊ.

"ನನ್ನ ಗಾಡಿ?"

"ಹೊಸದು ಮಾಡಿಸ್ಕೊಡ್ತೀನಿ ಬಿಡು. ಹೋಗಿ ಸೂಪಿಗಿಡು, ಹಸಿವಾಗ್ತಿದೆ."

ಒಲೆಯ ಸಲಾಕೆಯಿಂದ ಅವನ ಮುಖಕ್ಕೇ ಬಾರಿಸಬೇಕು ಅನ್ನಿಸಿತು ಅವಳಿಗೆ. ಬಾರಿಸಲಿಲ್ಲ. ಆಲೂಗಡ್ಡೆ ಹೆಚ್ಚಲು ಕೂತಳು.

ಮರುದಿನ ಕುದಿಯುವ ಹಂಡೆಯನ್ನು ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ಹೊರಟಳು. ಕಲ್ಲುಗಳ ಹತ್ತಿರ ಇಳಿಸುವ ಹೊತ್ತಿಗೆ ಬೆನ್ನ ಮೇಲೆ ಬೊಬ್ಬೆ ಎದ್ದಿತ್ತು. ಲಾರಿಯವನೊಬ್ಬ ಖಾಲಿ ಬಟ್ಟಲು ಹಿಡಿದು ಲೊಚಗುಟ್ಟಿದ.

"ನಿಮ್ಮನೆಯೋರ ಒಲೆ ದಿನಾ ಉರಿಯುತ್ತಲ್ಲ ತಾಯಿ, ಹೊಗೆ ಇಲ್ಲಿಗೇ ಕಾಣುತ್ತೆ. ಅಂಥ ಗಂಡಸು ಮನೇಲಿರುವಾಗ ನಿಮಗ್ಯಾಕೆ ಈ ಗತಿ?"

ಪ್ಲಾಸಿದಾ ತಿರುಗಿ ನೋಡಿದಳು. ಹೊಗೆ ಏಳುತ್ತಿತ್ತು. ಇವತ್ತು ಉರಿಯುತ್ತಿದ್ದದ್ದು ಗಾಡಿಯ ಚಕ್ರಗಳು. ಸೌಟು ಎತ್ತಿಕೊಂಡು, ಬಟ್ಟಲು ಇತ್ತ ತಾ ಅಂದಳು.