ಬಸಮ್ಮ ಬೋರರ್ ಹಿಡಿದ ಗಿಡವಲ್ಲ

ಕಾಫಿಗೆ ಒಳ್ಳೆಯ ರೇಟು ಬಂದ ವರ್ಷ. ಪಾಳ್ಯದ ಕಡೆಯ ಶಾಂತಮಲ್ಲಪ್ಪನವರು ತೋಟದಲ್ಲಿ ಕಾಂಡ ಕೊರೆಯುವ ಬೋರರ್ ಹುಳು ಕಂಡರೆ ಗಿಡವನ್ನು ಬುಡಸಮೇತ ಕಿತ್ತು ಸುಡುತ್ತಿದ್ದರು. ಬಿಟ್ಟರೆ ಪಕ್ಕದ ಗಿಡವೂ ಹಾಳು. ಅದೇ ಬುದ್ಧಿಯನ್ನು ಮನೆಯೊಳಗೂ ತಂದರು.

ಹೆಂಡತಿ ಬಸಮ್ಮನ ಎದೆಯಲ್ಲಿ ನೆಲ್ಲಿಕಾಯಿಯಷ್ಟು ಗಂಟು. ನೋವಿಲ್ಲವಲ್ಲ ಎಂದು ನಾಚಿಕೊಂಡು, ಕಾಫಿ ಹಣ್ಣು ಬಿಡಿಸುವ ಕೆಲಸ ಮುಗಿಯುವ ತನಕ ಮುಚ್ಚಿಟ್ಟಿದ್ದರು. ಹಾಸನದ ಡಾಕ್ಟರು ಪರೀಕ್ಷೆ ಮಾಡಿ, "ಕ್ಯಾನ್ಸರ್. ತಡಮಾಡದೆ ಬೆಂಗಳೂರಿಗೆ ಹೋಗಿ" ಎಂದರು. ಶಾಂತಮಲ್ಲಪ್ಪ ಊರಿಗೆ ಬಂದು ಕೇಳಿದವರಿಗೆಲ್ಲ ಬರೀ ಗ್ಯಾಸ್ಟ್ರಿಕ್ ಎಂದರು. ಬಸಮ್ಮನ ತಟ್ಟೆ ಲೋಟ ಬೇರೆಯಾದವು. ಮಗಳು ಪುಷ್ಪಾ ತಾಯಿಯ ಪಕ್ಕ ಮಲಗುವುದೂ ನಿಂತಿತು.

ಒಂದು ಸಂಜೆ ಪಕ್ಕದ ಮನೆಯ ನರ್ಸ್ ಚಂದ್ರಿಕಾ ಬಂದಾಗ ಬಸಮ್ಮ ಹಿತ್ತಲ ಕಟ್ಟೆಯಲ್ಲಿ ಒಬ್ಬರೇ ಉಣ್ಣುತ್ತಿದ್ದರು.

"ಇದೇನ್ ಮಲ್ಲಪ್ಪಣ್ಣ, ಅತ್ತಿಗೆನ ಹೊರಗ್ ಕೂರಿಸ್ಬುಟ್ಟಿದೀರಿ? ಗ್ಯಾಸ್ಟ್ರಿಕ್ ಅಂಟ್ತದಾ?"

"ಮೆಲ್ಲಗ್ ಮಾತಾಡವ್ವ. ಎದೇಲಿ ಗಂಟು, ಇವ್ಳು ನಾಚ್ಕೊಂಡು ಮುಚ್ಚಿಟ್ಟಿದ್ಲು, ಕ್ಯಾನ್ಸರ್ ಕಣೆ. ಬೋರರ್ ಬಂದ ಗಿಡನ ಪಕ್ಕದಲ್ಲಿ ಬಿಡಕ್ಕಾಯ್ತದಾ? ಪುಷ್ಪನ್ನ ನೋಡಕ್ಕೆ ಗಂಡಿನೋರು ಬರ್ತಾವ್ರೆ. ಮದ್ವೆ ಆಗ್ಲಿ, ಆಮೇಲೆ ಬೆಂಗ್ಳೂರು."

"ಅಯ್ಯೋ ಅಣ್ಣ! ಇದು ಹುಳ ಅಲ್ಲ, ಒಬ್ರಿಂದ ಒಬ್ರಿಗೆ ಹಾರಾಕೆ. ನಮ್ ಮೈಯೊಳಗಿನ ಜೀವಕೋಶಾನೇ ಲಂಗುಲಗಾಮಿಲ್ದೆ ಬೆಳೆಯೋದು. ಜೊತೇಲಿ ಉಂಡ್ರೆ, ಮಲಗಿದ್ರೆ ಬರಲ್ಲ."

"ಬಂದೋರು ಉಳಿಯಾಕಿಲ್ವಂತಲ್ಲ!"

"ಅದು ಓಬೀರಾಯನ ಕಾಲದ ಮಾತು. ಟ್ರೇನಿಂಗಲ್ಲಿ ನಮ್ಗೆ ಹೇಳಿದ್ರು. ಸಾವಿರಾರು ವರ್ಷದ ಹಿಂದೆ ಈಜಿಪ್ಟ್ ವೈದ್ಯರು ಎದೆಗಂಟಿನ ವಿಷ್ಯ ಬರೆದು, ಮದ್ದಿಲ್ಲ ಅಂತ ಕೈಚೆಲ್ಲಿದ್ರಂತೆ. ಪರ್ಷಿಯಾದ ರಾಣಿ ಒಬ್ಳು ನಾಚ್ಕೊಂಡು ಮುಚ್ಚಿಟ್ಟಿದ್ಲಂತೆ, ನಮ್ಮತ್ತಿಗೆ ಥರಾನೇ."

"ರಾಣಿಗೂ ನಾಚ್ಕೆನಾ?" ಬಸಮ್ಮ ಕಟ್ಟೆಯಿಂದಲೇ ಕೇಳಿದರು.

"ಹ್ಞೂ ಕಣತ್ತಿಗೆ. ಆಗ ಎಚ್ಚರ ಇರುವಾಗ್ಲೇ ಕೈಕಾಲು ಹಿಡ್ಕೊಂಡು ಕುಯ್ಯೋರು. ಆಮೇಲೆ ಮತ್ತು ಬರಿಸೋ ಔಷಧಿ ಬಂತು. ಕರೆಂಟ್ ಕೊಡೋದು ಅಂತೀವಲ್ಲ, ಆ ಕಿರಣದ ಚಿಕಿತ್ಸೆ ಬಂದು ನೂರು ವರ್ಷದ ಮೇಲಾಯ್ತು. ಯುದ್ಧದ ವಿಷದ ಗ್ಯಾಸಿಂದ್ಲೇ ದಾರಿ ಸಿಕ್ಕಿ ಕ್ಯಾನ್ಸರಿಗೆ ಇಂಜೆಕ್ಷನ್ ಕಂಡುಹಿಡಿದ್ರು. ಈಗ ಆಪರೇಶನ್, ಕರೆಂಟ್, ಇಂಜೆಕ್ಷನ್ ಮೂರೂ ಐತೆ. ಎಲ್ರೂ ಉಳೀತಾರೆ ಅಂತ ಸುಳ್ಳು ಹೇಳಲ್ಲ. ಬೇಗ ಹೋದೋರು ಜಾಸ್ತಿ ಉಳೀತಾರೆ. ನೀವು ಇಲ್ಲಿ ದಿನ ಕಳೀತಾ ಕೂತಿದೀರಿ."

ಬಾಗಿಲಲ್ಲಿ ನಿಂತಿದ್ದ ಪುಷ್ಪಾ, "ಅವ್ವನ್ನ ಮುಚ್ಚಿಟ್ಟು ನಂಗೆ ಮದ್ವೆ ಬೇಡ ಕಣಪ್ಪ" ಎಂದಳು.

ಶಾಂತಮಲ್ಲಪ್ಪನವರ ತಲೆ ಮೇಲೇಳಲಿಲ್ಲ. ಗಿಡಕ್ಕೆ ಮಾಡಿದ್ದನ್ನು ಕೈಹಿಡಿದವಳಿಗೂ ಮಾಡಿದೆನಲ್ಲ ಎಂದು ಮುಖ ಸುಟ್ಟಂತಾಯಿತು. ಹೋಗಿ ಹೆಂಡತಿಯ ಪಕ್ಕ ಕುಳಿತು, ಅದೇ ತಟ್ಟೆಯಿಂದ ಒಂದು ತುತ್ತು ಮುದ್ದೆ ಮುರಿದರು.

"ಈಗ ಅಂಟಾಕಿಲ್ವಾ?" ಎಂದರು ಬಸಮ್ಮ. ಅವರು ಇನ್ನೊಂದು ತುತ್ತು ಮುರಿದರು.

ಮರುದಿನ ಬಸ್ಸಿನಲ್ಲಿ ಅದೇ ಊರಿನ ತೋಟಪ್ಪ ಸಿಕ್ಕಿದ. "ಗಂಡ ಹೆಂಡ್ತಿ ಎತ್ಲಾಗೆ, ನೆಂಟರ ಮನೆಗಾ?"

ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. ಶಾಂತಮಲ್ಲಪ್ಪ ಕಿಟಕಿ ನೋಡಿದರು, ಹೆಂಡತಿಯನ್ನು ನೋಡಿದರು. "ಇಲ್ಲ ಕಣೋ ಮಾರಾಯ. ಇಷ್ಟು ದಿನ ಸುಳ್ಳು ಹೇಳ್ಬುಟ್ಟೆ. ಇವಳಿಗೆ ಎದೆ ಕ್ಯಾನ್ಸರ್. ಬೆಂಗ್ಳೂರಿಗೆ ಹೊಂಟೀವಿ, ಆಪರೇಶನ್ನಿಗೆ."

ಇದನ್ನು ಕೇಳಿಸಿಕೊಂಡ ಮುಂದಿನ ಸೀಟಿನ ಈರಮ್ಮ ಎದ್ದು ಬಂದು, ಬಸಮ್ಮನಿಗೆ ಒತ್ತಿ ಕುಳಿತು, ಕಿವಿಯಲ್ಲಿ ಅಂದರು: "ಅಕ್ಕಾ, ನಂಗೂ ಒಂದು ಗಂಟೈತೆ. ಯಾರ್ಗೂ ಹೇಳಿಲ್ಲ."

ಅಕ್ಕ ತಂಗಿಯರೇ, ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಆದರೆ ನೋವಿಲ್ಲದಿದ್ದರೂ ಡಾಕ್ಟರಿಗೆ ಈ ವಾರವೇ ತೋರಿಸಿ. ಅಣ್ಣ ತಮ್ಮಂದಿರೇ, ಕ್ಯಾನ್ಸರ್ ಅಂಟುವ ಕಾಯಿಲೆಯಲ್ಲ, ಯಾರನ್ನೂ ಬೇರೆ ಕೂರಿಸಬೇಡಿ. ಈರಮ್ಮನಂಥವರು ಬಾಯಿಬಿಟ್ಟರೆ ಅವರ ಜೊತೆ ನೀವೇ ಆಸ್ಪತ್ರೆಗೆ ಹೊರಡಿ.