ಕುಡಿಯದವನ ಅಮಲುಗಣ್ಣು

ಒಬ್ಬ ಗಂಡಸು ಕುಡಿಯುತ್ತಾನೆ ಎಂದು ಊರಲ್ಲಿ ಸುದ್ದಿ ಹಬ್ಬಬೇಕಾದರೆ ಅವನು ಕುಡಿಯಲೇಬೇಕೆಂದೇನೂ ಇಲ್ಲ. ಸಂಶಿಯ ಟೇಲರ್ ಮಡಿವಾಳೆಪ್ಪನಿಗೆ ಏನಾಯಿತೆಂದು ಕೇಳಿ, ನಿಮಗೇ ತಿಳಿಯುತ್ತದೆ.

ಮಡಿವಾಳೆಪ್ಪನ ಅಂಗಡಿ ಬಸ್ ಸ್ಟ್ಯಾಂಡಿನ ಬಾಜು. ಮುಂಜಾನೆ ಲಿಂಗಪೂಜೆ ಆಗದೆ ಚಹಾ ಸಹ ಮುಟ್ಟದ ಮನುಷ್ಯ. ಅಂಥವನ ಕಣ್ಣುಗಳು ಆ ಬೇಸಿಗೆಯಲ್ಲಿ, ಮದುವೆಯ ಬಟ್ಟೆಗಳು ರಾಶಿ ಬಿದ್ದಿದ್ದಾಗ, ಸಂಜೆಯಾದರೆ ಸಾಕು ಜೋಲತೊಡಗಿದವು. ಮುಂಜಾನೆ ಎರಡೂ ಸರಿಯಾಗಿಯೇ ತೆರೆದಿರುತ್ತಿದ್ದವು. ಮಧ್ಯಾಹ್ನ ದಾಟಿದ ಮೇಲೆ ಬಲಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿಯುತ್ತಿತ್ತು, ಎಡಗಣ್ಣಿನದು ಸ್ವಲ್ಪ. ಒಂದು ಕಣ್ಣು ದೊಡ್ಡದು, ಒಂದು ಸಣ್ಣದು. ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದರೆ ಥೇಟ್ ಕುಡಿದವನ ಮುಖ.

ಹೆಂಡತಿ ನೀಲಕ್ಕ ಮೊದಮೊದಲು ನಿದ್ದೆ ಕಡಿಮೆಯಾಗಿದೆ ಅಂದುಕೊಂಡಳು. ಆಮೇಲೆ ನೀರು ಕೊಡುವ ನೆಪದಲ್ಲಿ ಹತ್ತಿರ ಹೋಗಿ ಗಂಡನ ಬಾಯಿ ಮೂಸತೊಡಗಿದಳು. ಎಲೆ ಅಡಿಕೆ, ಲವಂಗದ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಹೆಂಡದ ವಾಸನೆ ಮುಚ್ಚಲಿಕ್ಕೇ ಲವಂಗ ಹಾಕಿಕೊಂಡಿದ್ದಾನೆ ಎಂದು ಸಂಶಯ ಇನ್ನಷ್ಟು ಗಟ್ಟಿಯಾಯಿತು. ಒಮ್ಮೆ ಸಂಶಯ ಹೊಕ್ಕ ಮೇಲೆ ಲವಂಗವೂ ಸಾಕ್ಷಿ ಹೇಳುತ್ತದೆ.

ಒಂದು ಸಂಜೆ ಅವನೇ ಬಾಯಿಬಿಟ್ಟ.

"ನೀಲಾ, ಇತ್ತಿತ್ತಲಾಗ ಸೂಜಿ ಎರಡೆರಡು ಕಾಣಾಕತ್ಯಾವು. ಯಾವದಕ್ಕ ದಾರ ಹಾಕಬೇಕು ತಿಳೀವಲ್ದು."

"ಹೌದನ್ರಿ? ಹಂಗಾರ ನಾನೂ ಇಬ್ಬರು ಕಾಣತೀನೇನು?"

ಅವನು ತಲೆ ಎತ್ತಿ ನೋಡಿದ. "ಹೌದು ನೋಡು, ಇಬ್ಬರ ಕಾಣತೀರಿ" ಅಂದ, ಪಾಪ, ಇದ್ದದ್ದನ್ನು ಇದ್ದ ಹಾಗೆ.

ನೀಲಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವಳ ಪಾಲಿಗೆ ಅಂದು ಎಲ್ಲ ಇತ್ಯರ್ಥವಾಗಿಹೋಯಿತು.

ಊರಿಗೆ ಇತ್ಯರ್ಥವಾದದ್ದು ಈರಪ್ಪ ಕಾಕಾನ ಅಂಗಿಯಿಂದ. ಈರಪ್ಪ ಅಂದರೆ ಮಡಿವಾಳೆಪ್ಪನ ತಂದೆಯ ತಮ್ಮ, ಮನೆತನದ ಹಿರಿಯ. ಅವನ ಹೊಸ ಅಂಗಿಗೆ ಒಂದು ಕಿಸೆ ಮೇಲೆ, ಒಂದು ಕೆಳಗೆ ಆಗಿತ್ತು. ಅದನ್ನು ತೊಟ್ಟುಕೊಂಡೇ ಬಂದು ನಡುಮನೆಯಲ್ಲಿ ನಿಂತ.

"ಮಡಿವಾಳ, ಇದ ಮೈಮ್ಯಾಲೆ ಎಚ್ಚರ ಇದ್ದವರು ಹೊಲಿಯೂ ಅಂಗಿ ಏನೋ? ಸೋಮವಾರ ಮಠಕ್ಕ ಬಾ. ನಾಕು ಮಂದಿ ಮುಂದ ವಿಭೂತಿ ಮುಟ್ಟಿ, ಕುಡಿಯೂದು ಬಿಟ್ಟೆ ಅಂತ ಆಣಿ ಮಾಡು."

"ಕಾಕಾ, ಕುಡೀತಿದ್ರ ಬಿಡಬಹುದಿತ್ತು. ಕುಡೀಲಾರದ್ದನ್ನ ಹೆಂಗ ಬಿಡ್ಲಿ?"

"ಕೇಳಿದೇನವಾ ನೀಲಾ, ಬಿಡಾಕ ಆಗೂದಿಲ್ಲ ಅಂತಾನ!"

ಆಣೆ ಮಾಡಿದರೆ ಇಷ್ಟು ದಿನ ಕುಡಿದದ್ದನ್ನು ಒಪ್ಪಿಕೊಂಡ ಹಾಗೆ. ಮಾಡದಿದ್ದರೆ ಮಗಳನ್ನು ಕರೆದುಕೊಂಡು ಅಣ್ಣಿಗೇರಿಯ ತವರಿಗೆ ಹೋಗುತ್ತೇನೆ ಎಂದು ನೀಲಕ್ಕ ಕಡ್ಡಿ ಮುರಿದಂತೆ ಹೇಳಿದಳು. ಮಡಿವಾಳೆಪ್ಪ ಏನು ಮಾತಾಡಿದರೂ ಸಂಜೆಯ ಹೊತ್ತು ಅವನ ದನಿ ಮೂಗಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಅದೂ ಕುಡಿದವರ ದನಿಯ ಹಾಗೆಯೇ ಕೇಳುತ್ತಿತ್ತು.

ಮರುದಿನ ಇಳಿಹೊತ್ತಿಗೆ ನೀಲಕ್ಕ ಹೇಳದೆ ಕೇಳದೆ ಅಂಗಡಿಗೆ ಹೋದಳು. ಬಾಟಲಿ ಸಮೇತ ಹಿಡಿಯಬೇಕೆಂದು ಅವಳ ಲೆಕ್ಕ. ಅಲ್ಲಿ ನೋಡಿದರೆ ಗಂಡ ಎಡಗೈ ಬೆರಳಿನಿಂದ ಬಲಗಣ್ಣಿನ ರೆಪ್ಪೆ ಎತ್ತಿ ಹಿಡಿದು, ಬಲಗೈಯಲ್ಲಿ ಬಟ್ಟೆ ಒತ್ತಿ, ಮಶಿನ್ ತುಳಿಯುತ್ತಿದ್ದ. ಎದುರಿನ ಸ್ಟೂಲಿನ ಮೇಲೆ ಆರೋಗ್ಯ ಕೇಂದ್ರದ ನರ್ಸು ಶಾರದವ್ವ ಕುಳಿತಿದ್ದಳು, ಹೊಲಿಯಲು ಕೊಟ್ಟ ಬಿಳಿ ಕುಪ್ಪಸ ಒಯ್ಯಲು ಬಂದವಳು.

"ನರ್ಸಬಾಯಾರ, ನೀವರ ಬುದ್ಧಿ ಹೇಳ್ರಿ. ಹಾಡಹಗಲ ಹಾಕ್ಕೊಂಡು ಕುಂತಾರ" ಎಂದು ನೀಲಕ್ಕ ಶುರುಮಾಡಿದಳು.

ಶಾರದವ್ವ ಅವಳಿಗೆ ಉತ್ತರ ಕೊಡದೆ ಮಡಿವಾಳೆಪ್ಪನನ್ನೇ ಕೇಳಿದಳು. "ಟೇಲರ್ರ, ಮುಂಜಾನಿ ಕಣ್ಣು ಹೆಂಗಿರತಾವು?"

"ಮುಂಜಾನಿ ಅಗದಿ ಛಲೋ ಇರತಾವ್ರಿ."

"ರೊಟ್ಟಿ ಅಗೀತ ಅಗೀತ ದವಡಿ ಸೋಲತೈತೇನು?"

ಅವನು ಬೆರಗಾದ. "ಹೌದ್ರಿ! ರಾತ್ರಿ ಊಟಕ್ಕ ಕಡೀ ರೊಟ್ಟಿ ಅಗಿಯಾಕ ಆಗೂದಿಲ್ರಿ. ನಿಮಗ್ಯಾರು ಹೇಳಿದ್ರು?"

ದಿನಾ ರಾತ್ರಿ ಗಂಡ ಬಿಟ್ಟೇಳುವ ಅರ್ಧ ರೊಟ್ಟಿ ನೀಲಕ್ಕನ ಕಣ್ಣ ಮುಂದೆ ಬಂತು. ಕುಡಿಯುವಲ್ಲಿ ಏನಾದರೂ ತಿಂದು ಬಂದಿರುತ್ತಾನೆ ಎಂದು ಅವಳು ಅಷ್ಟು ದಿನ ಸಿಟ್ಟಿಗೆದ್ದಿದ್ದಳು.

ಶಾರದವ್ವ ಅವನನ್ನು ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಕಣ್ಣು ಮುಚ್ಚಿ ಮಲಗಿಸಿದಳು. ಹೆಂಗಸರಿಬ್ಬರೂ ಹೊರಗಿನ ಕಟ್ಟೆಗೆ ಕುಳಿತರು. ಒಂದು ಸಣ್ಣ ನಿದ್ದೆಯಾದ ಮೇಲೆ ಅವನು ಎದ್ದು ಬಂದಾಗ ನೀಲಕ್ಕ ನೋಡುತ್ತಲೇ ನಿಂತಳು. ರೆಪ್ಪೆಗಳು ಮೇಲೆದ್ದಿದ್ದವು. ಎರಡೂ ಕಣ್ಣು ಸಮ.

"ಕುಡದದ್ದು ಇಷ್ಟ ನಿದ್ದಿಗೆ ಇಳಿಯಂಗಿಲ್ಲ, ನೀಲಕ್ಕ. ಇದು ಸ್ನಾಯು ದಣಿಯೂ ಕಾಯಿಲಿ ಇದ್ದಂಗೈತಿ. ಟ್ರೇನಿಂಗಿನ್ಯಾಗ ಒಬ್ಬರನ್ನ ನೋಡಿದ್ದೆ. ಖರೇ ಏನಂತ ಡಾಕ್ಟರ ಹೇಳಬೇಕು. ನಾಳೇನ ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಹೋಗ್ರಿ."

"ಹುಬ್ಬಿಗೆ ಬರಿ ಹಾಕಿಸಿದ್ರ ನಡಿಯಂಗಿಲ್ಲೇನ್ರಿ? ಇಲ್ಲಾ ಕಣ್ಣಾಗ ಯಾವದರ ಗಿಡದ ತಪ್ಪಲ ರಸ?"

"ಬ್ಯಾಡ ನಮ್ಮವ್ವ. ಬರಿ ಹಾಕಿದ್ರ ಚರ್ಮ ಸುಡತೈತಿ, ರಸ ಬಿಟ್ರ ಇದ್ದ ಕಣ್ಣೂ ಹೋಗತೈತಿ."

ಹುಬ್ಬಳ್ಳಿಗೆ ಹೋದದ್ದು ಮುಂಜಾನೆಯ ಬಸ್ಸಿಗೆ. ಹಾಗಾಗಿ ಡಾಕ್ಟರ ಮುಂದೆ ಮಡಿವಾಳೆಪ್ಪನ ಕಣ್ಣು ನೆಟ್ಟಗೇ ಇದ್ದವು! ಡಾಕ್ಟರು ನಂಬುತ್ತಾರೋ ಇಲ್ಲವೋ ಎಂದು ನೀಲಕ್ಕನಿಗೆ ಗಾಬರಿಯಾಯಿತು. ಡಾಕ್ಟರು ನಕ್ಕು, ಕಣ್ಣು ಪಿಳುಕಿಸದೆ ಚಾವಣಿ ನೋಡುತ್ತ ಇರಲು ಹೇಳಿದರು. ನೋಡುತ್ತ ನೋಡುತ್ತ ರೆಪ್ಪೆಗಳು ತಾವಾಗಿ ಇಳಿದವು. ಆಮೇಲೆ ಒಂದು ಇಂಜೆಕ್ಷನ್ ಕೊಟ್ಟು ಕೂರಿಸಿದರು. ಸ್ವಲ್ಪ ಹೊತ್ತಿಗೆ ರೆಪ್ಪೆ ಪೂರ್ತಿ ಎದ್ದವು. ನೀಲಕ್ಕ ದವಾಖಾನೆಯೆನ್ನದೆ ಅತ್ತುಬಿಟ್ಟಳು.

"ನರ ಹುಕುಂ ಕೊಡತೈತಿ, ಸ್ನಾಯುಕ್ಕ ಅದು ಸರಿಯಾಗಿ ಮುಟ್ಟೂದಿಲ್ಲ" ಎಂದು ಡಾಕ್ಟರು ತಿಳಿಸಿ ಹೇಳಿದರು. "ಮಯಸ್ತೇನಿಯಾ ಅಂತಾರ ಇದಕ್ಕ. ಕೆಲಸ ಮಾಡಿದಂಗ ದಣೀತಾವು, ಬಿಸಲಾಗ ಹೆಚ್ಚಾಗತೈತಿ. ಗುಳಿಗಿ ತಪ್ಪಸಬಾರದು, ತಾವ ಬಿಡಬಾರದು. ನುಂಗಾಕ, ಉಸರಾಡಾಕ ತ್ರಾಸಾದ್ರ ಆ ಕ್ಷಣಾನ ಇಲ್ಲಿಗೆ ಬರ್ರಿ. ಈ ಕಾಯಿಲ್ಯಾಗ ಕೆಲವರಿಗೆ ಎದಿಯೊಳಗ ಗಡ್ಡಿ ಇರತೈತಿ, ಅದಕ್ಕ ಎದಿ ಫೋಟೊನೂ ತಗಸೂಣು."

ಹೊರಗೆ ಗಂಡ ಹೆಂಡತಿ ಕುಳಿತಾಗ ಪಕ್ಕದ ಬೆಂಚಿನಲ್ಲಿ ದೇವಿಕೊಪ್ಪದ ಒಬ್ಬ ತಾಯಿ, ದುರಗವ್ವ, ಸಣ್ಣ ಮಗಳೊಡನೆ ಕುಳಿತಿದ್ದಳು. ಹುಡುಗಿ ಗದ್ದ ಎತ್ತಿಯೇ ಎಲ್ಲರನ್ನೂ ನೋಡುತ್ತಿದ್ದಳು.

"ಹುಟ್ಟಿದಾಗಿಂದ ರೆಪ್ಪಿ ಜೋತಾವ್ರೀ. ಗದ್ದಾ ಎತ್ತಿದ್ರನ ಕಾಣತೈತಿ. ಸಾಲ್ಯಾಗ ಎಲ್ಲಾರೂ ಸೊಕ್ಕಿನ ಹುಡುಗಿ ಅಂತಾರ" ಎಂದಳು ದುರಗವ್ವ. "ರೆಪ್ಪಿ ಕಣ್ಣಿನ ಗೊಂಬಿ ಮುಚ್ಚಿದ್ರ ಆ ಕಣ್ಣು ನೋಡೂದ ಕಲಿಯಂಗಿಲ್ಲಂತ. ಅದಕ್ಕ ತಡಾ ಮಾಡದ ಆಪರೇಶನ್ ಮಾಡತಾರಂತ."

ನೀಲಕ್ಕ ಆ ಹುಡುಗಿಯ ಗಲ್ಲ ಸವರಿದಳು. ಕೂಸಿಗೆ ಸೊಕ್ಕು ಎಂದರು, ತನ್ನ ಗಂಡನಿಗೆ ಕುಡಿತ ಎಂದರು. ಅಂದವರಲ್ಲಿ ತಾನೇ ಮೊದಲಿಗಳು ಎಂಬುದು ನೆನಪಾಗಿ ಅವಳಿಗೆ ತುಂಬ ನಾಚಿಕೆಯಾಯಿತು.

ಸೋಮವಾರ ಸಂಜೆ ಮಠದಲ್ಲಿ ಮಂದಿ ಸೇರಿತು. ನಾಲ್ಕು ಮಂದಿ ಅಂದಿದ್ದರು, ಕುಡುಕನ ಆಣೆ ಅಂದಮೇಲೆ ಅರ್ಧ ಓಣಿಯೇ ಬಂದಿತ್ತು. ಮಡಿವಾಳೆಪ್ಪ ಬಂದು ನಿಂತ. ದೀಪ ಹಚ್ಚುವ ಹೊತ್ತಾಗಿದ್ದರೂ ಅವನ ಎರಡೂ ಕಣ್ಣು ನೆಟ್ಟಗಿದ್ದವು.

"ನೋಡ್ರಿ, ಬಿಟ್ಟ ಕೂಡ್ಲೆ ಕಣ್ಣು ಹೆಂಗ ತೆರದಾವು!" ಎಂದ ಈರಪ್ಪ ಕಾಕಾ, ಗೆದ್ದವನ ಹಾಗೆ. "ಈಗ ವಿಭೂತಿ ಮುಟ್ಟು."

"ಅವರ್ಯಾಕ್ರಿ ಮುಟ್ಟಬೇಕು?" ನೀಲಕ್ಕ ಮುಂದೆ ಬಂದಳು. ಕಾಯಿಲೆಯ ಹೆಸರು, ಇಂಜೆಕ್ಷನ್, ಗುಳಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹೇಳಿ, ತಾನೇ ವಿಭೂತಿ ಮುಟ್ಟಿದಳು. "ತಪ್ಪು ನಂದು, ಆಣಿನೂ ನಂದು. ಡಾಕ್ಟರಗ ತೋರಸದ ಇನ್ನ ಮ್ಯಾಲ ಯಾರ ಕಣ್ಣು ನೋಡಿ ಯಾರಿಗೂ ಹೆಸರಿಡೂದಿಲ್ಲ."

ಮಡಿವಾಳೆಪ್ಪ ಹೆಂಡತಿಯನ್ನು ನೋಡಿದ. ಅಂದು ಅವನಿಗೆ ಕಂಡದ್ದು ಒಬ್ಬಳೇ ನೀಲಕ್ಕ, ಅದೂ ಸ್ಪಷ್ಟವಾಗಿ.

ಈರಪ್ಪ ಕಾಕಾ ಕೆಮ್ಮಿದ, ತಲೆಯ ಪಟಕ ಸರಿಮಾಡಿಕೊಂಡ. ಆಮೇಲೆ ಸಣ್ಣ ದನಿಯಲ್ಲಿ, "ನೀಲಾ, ನನ್ನ ಎಡಗಣ್ಣೂ ವರ್ಷಾತು ಸ್ವಲ್ಪ ಇಳದೈತಿ. ಅದೂ ತೋರಸಬೇಕೇನವಾ?" ಎಂದ.

"ವಯಸ್ಸಿಗೂ ಇಳೀತಾವಂತ ಕಾಕಾ, ಸಕ್ಕರಿ ಕಾಯಿಲಿಗೂ ಇಳೀತಾವಂತ. ನಡೀರಿ, ನಾಳೆ ಮುಂಜಾನಿ ಬಸ್ಸಿಗೆ ಕೂಡೇ ಹೋಗೂಣು."

ನಕ್ಕ ಸಪ್ಪಳ ಬಸ್ ಸ್ಟ್ಯಾಂಡಿನವರೆಗೂ ಕೇಳಿತಂತೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರದಾದರೂ ಒಂದು ಕಣ್ಣು ಸಣ್ಣದಾಗಿ ಕಾಣುತ್ತಿದ್ದರೆ, ರೆಪ್ಪೆ ಜೋತಿದ್ದರೆ, ಅದು ಗ್ರಹಣದ ದೋಷವಲ್ಲ, ದೃಷ್ಟಿಯಲ್ಲ, ಸೋಮಾರಿತನವೂ ಅಲ್ಲ. ಮಕ್ಕಳಿಗಿದ್ದರೆ ದೊಡ್ಡವರಾಗಲಿ ಎಂದು ಕಾಯಬೇಡಿ, ಕಾದರೆ ಕಣ್ಣಿನ ನೋಟವೇ ಹೋದೀತು. ಇದ್ದಕ್ಕಿದ್ದಂತೆ ರೆಪ್ಪೆ ಬಿದ್ದು ಜೋರು ತಲೆನೋವು ಬಂದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ ಆ ಗಳಿಗೆಯೇ ಹೊರಡಿ. ಗುಳಿಗೆಯಿಂದ ಹತೋಟಿಗೆ ಬರುವುದಿದೆ, ಆಪರೇಶನ್ನಿನಿಂದ ಸರಿಹೋಗುವುದೂ ಇದೆ. ಯಾವುದೆಂದು ಹೇಳಬೇಕಾದವರು ಡಾಕ್ಟರು, ಓಣಿಯ ಮಂದಿಯಲ್ಲ. ಅಂಥವರು ಕಂಡರೆ ಆಡಿಕೊಳ್ಳಬೇಡಿ. ಕೈ ಹಿಡಿದು ದವಾಖಾನೆಗೆ ಕರೆದುಕೊಂಡು ಹೋಗಿ.