ಎಂಜಲು ಎಂಬ ಮಾತಿನ ಅರ್ಥ

ಶಿವಮೊಗ್ಗದ ಮೇಲಿನ ಕೋರ್ಟಿನಲ್ಲಿ ರಾಮಚಂದ್ರಪ್ಪ ಭಾಷಾಂತರದ ಗುಮಾಸ್ತ. ಕನ್ನಡದ ಸಾಕ್ಷಿ ಹೇಳಿಕೆಗಳನ್ನು ಇಂಗ್ಲಿಷಿಗೆ ಇಳಿಸುವುದು ಅವನ ಕೆಲಸ. ಹೊಸ ಜಡ್ಜಿಗೆ ಕನ್ನಡ ಅಷ್ಟಕ್ಕಷ್ಟೆ. ಹಾಗಾಗಿ ಸಾಕ್ಷಿ ಏನೇ ಹೇಳಿರಲಿ, ರಾಮಚಂದ್ರಪ್ಪ ಬರೆದದ್ದೇ ಹೇಳಿದ್ದು ಎಂದಾಗುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಅವನ ಬರಹಕ್ಕೆ ಯಾರೂ ಕೊಂಕು ತೆಗೆದಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತೆಂಟರ ದಸರಾ ರಜೆ ಮುಗಿದ ಮೇಲೆ ಜಲಜಮ್ಮನ ಮೊಕದ್ದಮೆಯ ಕಾಗದದ ಕಟ್ಟು ಅವನ ಮೇಜಿಗೆ ಬಂತು. ಹೊಳೆಹೊನ್ನೂರಿನ ಸ್ಥಿತಿವಂತ ಉಜ್ಜನಪ್ಪನ ಹೆಂಡತಿ ಅವಳು. ಮೂರು ವರ್ಷದ ಹಿಂದೆ ಗಂಡನ ಮನೆ ಬಿಟ್ಟು ಭದ್ರಾವತಿಗೆ ಹೋಗಿ, ಕಬ್ಬಿಣದ ಕಾರ್ಖಾನೆಯ ಕೂಲಿಗಳಿಗೆ ಅಡಿಗೆ ಮಾಡಿ ಹಾಕಿಕೊಂಡಿದ್ದಳು. ಹೆಂಡತಿ ಮನೆಗೆ ಬರಬೇಕೆಂದು ಉಜ್ಜನಪ್ಪ ದಾವಾ ಹೂಡಿದ. ಗಂಡನ ಕ್ರೌರ್ಯ ರುಜುವಾತಾದರೆ ಹೆಂಡತಿ ಹೋಗಬೇಕಾಗಿಲ್ಲ, ಆಗದಿದ್ದರೆ ಹೋಗಲೇಬೇಕು, ಅಷ್ಟೇ ಕಾನೂನು. ಕೆಳಗಿನ ಕೋರ್ಟಿನ ಮುನ್ಸೀಫರು ಈ ಸೀಮೆಯವರೇ, ಕನ್ನಡ ಬಲ್ಲವರು. ಅವಳ ಬಾಯಿಂದಲೇ ಕೇಳಿ, ಇದು ಕ್ರೌರ್ಯವೇ ಎಂದು ದಾವಾ ವಜಾ ಮಾಡಿದ್ದರು. ಉಜ್ಜನಪ್ಪ ಮೇಲಕ್ಕೆ ಅಪೀಲು ತಂದಿದ್ದ.

ರಾಮಚಂದ್ರಪ್ಪ ಅವಳ ಹೇಳಿಕೆ ಓದತೊಡಗಿದ.

“ನಾನು ಉಣ್ಣಾಕೆ ಕುಂತ್ರೆ ಬಂದು ತಟ್ಟೆಗೆ ಎಂಜ್ಲು ಹಾಕ್ತಿದ್ದ. ಕಲಸ್ಕಂಡು ಉಣ್ಣು ಅಂತ ಎದುರಿಗೇ ನಿಲ್ತಿದ್ದ. ಎಲಡಿಕೆ ಕೆಂಪು ಅನ್ನದ ಮೇಲೆ ಹರೀತಿತ್ತು. ಏಳು ವರ್ಷ ಉಂಡೆ.”

ಆಗತಾನೆ ಕುಡಿದ ಕಾಫಿ ಗಂಟಲಿಗೆ ಬಂತು. ಎಂಜಲೆಂದರೆ ಬಾಯಿಯ ಉಗುಳೂ ಹೌದು, ಉಂಡು ಬಿಟ್ಟ ಅನ್ನವೂ ಹೌದು. ಇಲ್ಲಿ ಯಾವುದೆಂದು ಎಳೆ ಮಗುವಿಗೂ ಗೊತ್ತಾಗುವಂತಿತ್ತು. ಅವನು ಮೊದಲು ‘ಸ್ಪಿಟ್’ ಎಂದೇ ಬರೆದ. ಜಡ್ಜಿಯ ಮೇಜಿನ ಮೇಲೆ ಇಂಥ ಹೊಲಸು ಮಾತು ಇಡುವುದು ಹೇಗೆ ಎನಿಸಿ ಹೊಡೆದುಹಾಕಿದ. ‘ಲೀವಿಂಗ್ಸ್’ ಎಂದು ಬರೆದ. ಉಂಡು ಉಳಿದದ್ದು. ಕೆಂಪು ಹರಿದ ಮಾತನ್ನು ಬರೆಯಲೇ ಇಲ್ಲ. ಹಾಳೆ ಚೊಕ್ಕಟವಾಯಿತು, ಮನಸ್ಸು ಹಗುರಾಯಿತು.

ನವೆಂಬರಿನಲ್ಲಿ ತೀರ್ಪು ಬಂತು. ಗಂಡನ ಎಂಜಲೆಲೆಯಲ್ಲಿ ಹೆಂಡತಿ ಉಣ್ಣುವುದು ಈ ನಾಡಿನ ಮನೆಮನೆಯ ರೂಢಿ, ಅದನ್ನು ಕ್ರೌರ್ಯವೆನ್ನಲು ಬಾರದು, ಹೆಂಡತಿ ಗಂಡನ ಮನೆಗೆ ಹೋಗತಕ್ಕದ್ದು. ಜಡ್ಜಿ ಓದಿ ಮುಗಿಸುವಷ್ಟರಲ್ಲಿ ಜಲಜಮ್ಮನ ವಕೀಲ ಪುಟ್ಟಯ್ಯ ಎದ್ದು ನಿಂತು, “ಅವಳು ಹೇಳಿದ್ದು ಅದಲ್ಲ ಸ್ವಾಮಿ,” ಎಂದರು. ಕಾಗದದಲ್ಲಿ ಇದ್ದದ್ದನ್ನೇ ನಾನು ಓದಿದ್ದು ಎಂದು ಜಡ್ಜಿ ಕಟ್ಟು ಮುಚ್ಚಿದರು.

ಹೊರಗಿನ ಜಗಲಿಯಲ್ಲಿ ಉಜ್ಜನಪ್ಪ ಸಿಕ್ಕಿದ. ಗೋಡೆಯ ಮೂಲೆಗೆ ಪಿಚಕ್ಕನೆ ಉಗಿದು, ಬೆರಳಲ್ಲಿ ತುಟಿ ಒರೆಸಿಕೊಂಡು, ಅದೇ ಬೆರಳಲ್ಲಿ ಎಲೆಯಡಿಕೆ ಸಂಚಿ ಬಿಚ್ಚಿ ಮುಂದೆ ಹಿಡಿದ.

“ತಗೋಳಿ ಸ್ವಾಮಿ, ಒಂದ್ ಎಲೆ ಹಾಕ್ಕೊಳ್ಳಿ. ನಿಮ್ಮ ಕೈಗುಣ ಚೆನ್ನಾಗೈತೆ.”

ಸುಣ್ಣ ಅಂಟಿದ ಆ ಬೆರಳು, ತುಟಿಯ ಅಂಚಿನ ಕೆಂಪು ಜೊಲ್ಲು ನೋಡಿ ರಾಮಚಂದ್ರಪ್ಪ ಸಂಚಿ ಮುಟ್ಟದೆ ಹಿಂದೆ ಸರಿದ. ಬಾವಿಕಟ್ಟೆಗೆ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿದ. ಅವನು ಏನನ್ನೂ ತಿಂದಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವನು ಉಂಡು ಎದ್ದ. ಹೆಂಡತಿ ಸಾವಿತ್ರಮ್ಮ ಎಂದಿನಂತೆ ಅವನ ಎಲೆಗೇ ಅನ್ನ ಬಡಿಸಿಕೊಂಡು ಕೂತಳು. ಅವನು ಬಗ್ಗಿ ಅನ್ನದ ಸಮೇತ ಎಲೆ ಎಳೆದುಕೊಂಡ.

“ಏನ್ರೀ ಇದು? ಅನ್ನ ಚೆಲ್ತೀರಲ್ಲ!”

“ಬೇರೆ ಎಲೆ ಹಾಕ್ಕೋ.”

“ಇಷ್ಟು ವರ್ಷ ಇಲ್ದಿರೋ ಮಡಿ ಈಗೆಲ್ಲಿಂದ ಬಂತು?”

ಅವನು ಎಲೆಯನ್ನು ಹಿತ್ತಿಲಿಗೆ ಒಯ್ದು ಹಾಕಿದ. ಮರುದಿನ ನೆಟ್ಟಗೆ ಪುಟ್ಟಯ್ಯನವರ ಮನೆಗೆ ಹೋಗಿ, “ತಪ್ಪು ನಂದು. ಗೊತ್ತಿದ್ದೇ ಬರೆದೆ. ಬರೆದುಕೊಡ್ತೀನಿ,” ಎಂದ.

ಪುಟ್ಟಯ್ಯ ಕನ್ನಡಕ ತೆಗೆದು ನೋಡಿದರು. “ಕೆಲಸ ಹೋದೀತು ಮಾರಾಯ.”

“ಹೋಗ್ಲಿ.”

ರಾಮಚಂದ್ರಪ್ಪನ ಪ್ರಮಾಣಪತ್ರದೊಂದಿಗೆ ಮರುಪರಿಶೀಲನೆಯ ಅರ್ಜಿ ಹೋಯಿತು. ಜಡ್ಜಿ ಕೆಟ್ಟವರೇನಲ್ಲ, ತಾಳ್ಮೆಯಿಂದಲೇ ಕೇಳಿದರು. ಭಾಷಾಂತರ ತಪ್ಪೆಂದು ಒಪ್ಪಿದರು. ‘ಲೀವಿಂಗ್ಸ್’ ಎಂಬಲ್ಲಿ ‘ಸ್ಪಿಟಲ್’, ಅಂದರೆ ಉಗುಳು, ಎಂದು ಓದಿಕೊಳ್ಳತಕ್ಕದ್ದು ಎಂದು ತಾವೇ ತಿದ್ದಿದರು. ರಾಮಚಂದ್ರಪ್ಪ ಉಸಿರು ಬಿಟ್ಟ. ಆಮೇಲೆ ಅವರು ಮುಂದುವರಿಸಿದರು. ಕ್ರೌರ್ಯವೆಂದರೆ ಜನ ಆಡುವ ಅರ್ಥವಲ್ಲ, ಕಾನೂನಿನ ಅರ್ಥ. ಜೀವಕ್ಕೋ ಅಂಗಕ್ಕೋ ಆರೋಗ್ಯಕ್ಕೋ ಅಪಾಯವಾಗಿರಬೇಕು. ಈಕೆ ಏಳು ವರ್ಷ ಉಂಡಿದ್ದಾಳೆ, ಕಾಯಿಲೆ ಬಿದ್ದದ್ದಕ್ಕೆ ಡಾಕ್ಟರ ಚೀಟಿಯಿಲ್ಲ. ಹೇಸಿಗೆ ಬೇರೆ, ಹಾನಿ ಬೇರೆ. ತೀರ್ಪಿನಲ್ಲಿ ಬದಲಿಲ್ಲ.

ಅಷ್ಟು ಹೇಳಿ ಜಡ್ಜಿ ಬಿಳಿ ಕರ್ಚೀಫಿನಿಂದ ಬಾಯಿ ಒರೆಸಿಕೊಂಡರು. ಅವರಿಗೂ ಹೇಸಿಗೆಯಾಗಿತ್ತು. ಆದರೂ ತೀರ್ಪು ತೀರ್ಪೇ. ರಾಮಚಂದ್ರಪ್ಪನಿಗೆ ಬಾವಿಕಟ್ಟೆಯ ತನಕ ಹೋಗಲಾಗಲಿಲ್ಲ, ಮೆಟ್ಟಿಲ ಬುಡದಲ್ಲೇ ವಾಂತಿ ಮಾಡಿಕೊಂಡ. ವಾರದೊಳಗೆ ಅವನನ್ನು ನಕಲು ವಿಭಾಗಕ್ಕೆ ಇಳಿಸಿದರು.

ಮುಂದಿನ ಭಾನುವಾರ ರೈಲು ಹತ್ತಿ ಭದ್ರಾವತಿಗೆ ಹೋದ. ಜಲಜಮ್ಮ ತಗಡಿನ ಚಪ್ಪರದ ಕೆಳಗೆ ಮುದ್ದೆ ತಿರುವುತ್ತಿದ್ದಳು. ಮೂವತ್ತರ ಗಟ್ಟಿ ಹೆಂಗಸು. ಅವನು ತಾನು ಯಾರೆಂದು, ಏನು ಬರೆದೆನೆಂದು ನಿಂತಲ್ಲೇ ಹೇಳಿದ.

“ಇಂಗ್ಲೀಷ್ನಾಗೆ ಆ ಮಾತಿಗೆ ಪದ ಇಲ್ವಾ ಸ್ವಾಮಿ?”

“ಇದೆ.”

“ಮತ್ತೆ?”

“ಬರೆಯೋಕೆ ಹೇಸಿಗೆ ಆಯ್ತು.”

ಅವಳು ಕೋಲು ನಿಲ್ಲಿಸಿ ಅವನನ್ನೇ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮುದ್ದೆ ತಳ ಹಿಡಿಯುವ ವಾಸನೆ ಬಂದಾಗ ಮತ್ತೆ ತಿರುವಲು ಕೂತಳು.

ಅವಳು ಗಂಡನ ಮನೆಗೆ ಹೋಗಲಿಲ್ಲ. ಅವಳನ್ನು ಹೊತ್ತುಕೊಂಡು ಹೋಗಲು ಕಾನೂನಿಗೆ ಬರುವುದಿಲ್ಲ, ಸಾಮಾನು ಜಪ್ತಿ ಮಾಡಬಹುದಷ್ಟೆ ಎಂದು ಪುಟ್ಟಯ್ಯ ಹೇಳಿದ್ದರು. ಸಂಕ್ರಾಂತಿ ಕಳೆದ ಮೇಲೆ ಕೋರ್ಟಿನ ಜಪ್ತಿ ಅಮೀನ ಬಂದು ಹಂಡೆ, ಕೊಳಗ, ತಪ್ಪಲೆಗಳನ್ನೆಲ್ಲ ಗಾಡಿಗೆ ಹೇರಿಕೊಂಡು ಹೋದ. ಜಲಜಮ್ಮ ಕುಂಬಾರರ ಕೇರಿಯಿಂದ ಮಡಕೆ ತಂದು ಮಾರನೆಯ ದಿನವೇ ಒಲೆ ಹಚ್ಚಿದಳು. ಕಾರ್ಖಾನೆಯವರು ಬಂದು ಉಂಡರು.

ಬೇಸಿಗೆಯಲ್ಲಿ ಅವಳೇ ರಾಮಚಂದ್ರಪ್ಪನಿಗೆ ಹೇಳಿಕಳಿಸಿದಳು. ಉಜ್ಜನಪ್ಪ ಎರಡನೆಯ ಮದುವೆಗೆ ನಿಂತಿದ್ದ. ಹುಡುಗಿ ಪುಟ್ಟಲಕ್ಷ್ಮಿ, ನವುಲೆಯ ಕೆಂಚಪ್ಪ ಎಂಬವನ ಮಗಳು. “ನಾನು ಹೋಗಿ ಹೇಳ್ತೀನಿ. ನೀವು ಓದ್ದೋರು, ಜೊತೆಗೆ ಬನ್ನಿ.”

ಇಬ್ಬರೂ ಹೋದರು. ಕೆಂಚಪ್ಪ ಜಗಲಿಯ ಮೇಲೆ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟ. ಜಲಜಮ್ಮ ಒಂದು ಮಾತನ್ನೂ ನುಂಗದೆ ಎಲ್ಲ ಹೇಳಿದಳು. ಬಾಗಿಲ ಸಂದಿಯಲ್ಲಿ ಹುಡುಗಿಯ ಬಳೆ ಸದ್ದಾಯಿತು. ಕೆಂಚಪ್ಪ ನೀರಿನ ಲೋಟ ಬದಿಗೆ ಸರಿಸಿ ಕೇಳಿದ.

“ಈ ವಿಷ್ಯ ಕೋರ್ಟಿಗೆ ಹೋಗಿತ್ತಂತಲ್ಲ ತಾಯಿ?”

“ಹೋಗಿತ್ತು.”

“ಜಡ್ಜಿ ಸಾಹೇಬ್ರು ಎಲ್ಲಾ ಕೇಳಿ, ಗಂಡನ ಕಡೆ ತಪ್ಪಿಲ್ಲ ಅಂದ್ರಂತಲ್ಲ?”

ಜಲಜಮ್ಮ ರಾಮಚಂದ್ರಪ್ಪನ ಕಡೆ ತಿರುಗಿದಳು. ಕಾನೂನಿನ ಅರ್ಥ ಬೇರೆ, ಜಡ್ಜಿ ಅಂದದ್ದು ಹಾಗಲ್ಲ ಎಂದು ಅವನು ಬಿಡಿಸಿ ಹೇಳಲು ಹೊರಟ. ಹೇಳಿದಷ್ಟೂ ತೊಡಕಾಯಿತು. ಕೆಂಚಪ್ಪ ಮರ್ಯಾದೆಯಿಂದಲೇ ಕೈಮುಗಿದ.

“ನಾವು ಓದಿದೋರಲ್ಲ ಸ್ವಾಮಿ. ದೊಡ್ಡೋರು ತಪ್ಪಿಲ್ಲ ಅಂದ್ಮೇಲೆ ನಾವ್ಯಾರು ಹೇಳೋಕೆ?”

ಅದೇ ತಿಂಗಳು ಮದುವೆ ಆಯಿತು.